ನಾನು ತೊಳೆದಿಟ್ಟ ಎಂಜಿನ್

ಆ ಎಂಜಿನ್ ಕೆಡಿಸಿದ್ದು ನಾನು. ನನ್ನ ಯಜಮಾನರ ನಡುಗುವ ಕೈಯೂ ಅಲ್ಲ, ಮಂಜಾದ ಕಣ್ಣೂ ಅಲ್ಲ, ಎಪ್ಪತ್ತನಾಲ್ಕರ ವಯಸ್ಸೂ ಅಲ್ಲ. ಬೇರಿಂಗ್ ಕಳಪೆಯದ್ದು ಅನ್ನುವವರಿದ್ದಾರೆ, ಮುದುಕನಿಗೆ ಬೇಡದ ಹುಚ್ಚು ಅನ್ನುವವರೂ ಇದ್ದಾರೆ. ನಡೆದದ್ದು ಇಷ್ಟೇ. ನಾನು ಅದನ್ನು ತೊಳೆದೆ.

ಮೊದಲು ಕಾರಿನ ವಿಷಯ ಹೇಳಬೇಕು. ಎರಡೇ ಸೀಟು, ಮೇಲೆ ಚಾವಣಿ ಇಲ್ಲ, ಬಾಗಿಲು ನನ್ನ ಮೊಣಕಾಲಿಗಿಂತ ಸ್ವಲ್ಪ ಎತ್ತರ. ನಮ್ಮವರು ಹಿಂದೆ ಮೂಡಿಗೆರೆ ಹತ್ತಿರದ ದೊಡ್ಡ ಎಸ್ಟೇಟಿನಲ್ಲಿ ಡ್ರೈವರ್ ಆಗಿದ್ದರು. ಡ್ರೈವರ್ ಅಂತ ಹೆಸರಿಗೆ. ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್, ಪಂಪ್‌ಸೆಟ್, ಟ್ರ್ಯಾಕ್ಟರ್ ಎಲ್ಲದರ ರಿಪೇರಿಯೂ ಅವರದೇ. ಧಣಿಗಳು ಚಿಕ್ಕ ವಯಸ್ಸಿನಲ್ಲಿ ಓಡಿಸುತ್ತಿದ್ದ ರೇಸಿನ ಕಾರು ಇದು. ಎಂಜಿನ್ ಹಿಡಿದುಕೊಂಡು ತಿರುಗದ ಹಾಗಾದ ಮೇಲೆ ಗೋಡೌನಿನ ಮೂಲೆಗೆ ಬಿತ್ತು. ಎಸ್ಟೇಟು ಮಾರುವಾಗ ಅವರು, "ಗುಜರಿಗೆ ಹಾಕೋಕೆ ಮನಸ್ಸಿಲ್ಲ, ನೀನೇ ತಗೊಂಡು ಹೋಗು ಮಾರಾಯ" ಎಂದರು. ಇವರು ಟ್ರ್ಯಾಕ್ಟರಿಗೆ ಕಟ್ಟಿ ಎಳೆದುಕೊಂಡು ಬಂದರು. ಕೊಟ್ಟಿಗೆಹಾರದಿಂದ ಒಳಗೆ ಮಣ್ಣುರಸ್ತೆಯಲ್ಲಿ ನಮ್ಮ ನಾಲ್ಕೆಕರೆ ತೋಟ, ಮನೆ, ಕಾಫಿ ಒಣಗಿಸುವ ಕಣ, ಕಣದ ಪಕ್ಕ ಒಂದು ಶೆಡ್ಡು. ಆ ಶೆಡ್ಡಿನಲ್ಲಿ ಇಪ್ಪತ್ತು ವರ್ಷ ಕಾರು ನಿಂತಿತ್ತು. ಕೋಳಿಗಳು ಅದರ ಸೀಟಿನಲ್ಲಿ ಮೊಟ್ಟೆ ಇಡುತ್ತಿದ್ದವು. ನನಗೆ ಅದರಿಂದ ಆದ ಉಪಯೋಗ ಅಷ್ಟೇ.

ಹೋದ ವರ್ಷ ಯಜಮಾನರ ಬಲಗೈ ನಡುಗಲು ಶುರುವಾಯಿತು. ಲೋಟ ಎತ್ತಿದರೆ ಕಾಫಿ ತಟ್ಟೆಗೆ ಬೀಳುತ್ತಿತ್ತು. ಮಗಳನ್ನು ಆಲ್ದೂರಿಗೆ ಕೊಟ್ಟಿದ್ದೇವೆ, ಅವರದ್ದು ಅಲ್ಲಿ ಗೊಬ್ಬರದ ಅಂಗಡಿ. ಬೇಸಿಗೆಯಲ್ಲಿ ಬಂದವಳು ಈ ಕೈ ನೋಡಿಬಿಟ್ಟಳು.

"ಅಪ್ಪ, ಇನ್ನು ಜೀಪು ಓಡಿಸೋದು ಬೇಡ. ಕೀಲಿ ನಂಗೆ ಕೊಡಿ. ಎಲ್ಲಿಗಾದ್ರೂ ಹೋಗ್ಬೇಕಾದ್ರೆ ಇವ್ರು ಬಂದು ಕರ್ಕೊಂಡು ಹೋಗ್ತಾರೆ."

"ನಿನ್ ಗಂಡಂಗೆ ರಿವರ್ಸ್ ತೆಗೆಯೋಕೆ ಅರ್ಧ ಗಂಟೆ ಬೇಕು. ಅವನು ನನ್ನ ಕರ್ಕೊಂಡು ಹೋಗೋದಾ?"

"ಕೈ ನೋಡ್ಕೊಳ್ಳಿ."

"ಕೈಗೆ ಎಂತದೂ ಆಗ್ಲಿಲ್ಲ. ಕೆಲ್ಸ ಇಲ್ದೆ ನಡುಗ್ತದೆ ಅದು."

ಮಾತು ಬೆಳೆಯಿತು. ಕೊನೆಗೆ ಇವರೇ ಪಂದ್ಯ ಕಟ್ಟಿದರು. ಶೆಡ್ಡಿನ ಕಾರಿನ ಎಂಜಿನ್ ಇಳಿಸಿ ಇದೇ ಕೈಯಲ್ಲಿ ಬಿಚ್ಚಿ ಕಟ್ಟುತ್ತೇನೆ, ಕಾಫಿ ಹಣ್ಣು ಕುಯ್ಲಿಗೆ ಮೊದಲು ಕೊಟ್ಟಿಗೆಹಾರಕ್ಕೆ ಹೋಗಿ ಬರುತ್ತೇನೆ, ಹೋಗಿ ಬಂದರೆ ಜೀಪಿನ ಕೀಲಿಯ ಮಾತು ಯಾರೂ ಎತ್ತಬಾರದು, ಆಗದಿದ್ದರೆ ನಾನೇ ಕೀಲಿ ಕೊಡುತ್ತೇನೆ ಎಂದರು. ಮಗಳು ಒಪ್ಪಿದಳು. ಅಪ್ಪನಿಗೆ ಒಂದು ಬೋಲ್ಟೂ ಸಡಿಲಿಸಲು ಆಗುವುದಿಲ್ಲ ಎಂದು ಅವಳ ಲೆಕ್ಕ. ಆದರೆ ಇವರಿಗೆ ಅದು ಆಟವಲ್ಲ. ನಮ್ಮ ಮನೆಯಿಂದ ಟಾರು ರಸ್ತೆಗೆ ಮೂರು ಮೈಲಿ. ಜೀಪು ಇಲ್ಲದಿದ್ದರೆ ಇವರಿಗೆ ಊರೇ ಇಲ್ಲ, ಕಣದ ಈ ತುದಿಯಿಂದ ಆ ತುದಿ ಅಷ್ಟೇ.

ಮೂಡಿಗೆರೆಯಲ್ಲಿ ಗ್ಯಾರೇಜು ಇಟ್ಟಿರುವ ಒಬ್ಬನಿದ್ದಾನೆ. ಕೆಲಸ ಕಲಿತದ್ದು ನಮ್ಮವರ ಹತ್ತಿರ, ಈಗ ಅವನಿಗೂ ತಲೆ ನೆರೆತಿದೆ. ಅವನು ಬಂದು ಶೆಡ್ಡಿನ ತೊಲೆಗೆ ಸರಪಳಿ ಕಟ್ಟಿ ಎಂಜಿನ್ ಇಳಿಸಿಕೊಟ್ಟ. ಶೆಡ್ಡು ಸೋರುತ್ತದೆ ಎಂದು ಇಬ್ಬರೂ ಸೇರಿ ಅದನ್ನು ಮನೆಯ ಜಗಲಿಗೆ ತಂದರು. ನನ್ನನ್ನು ಒಂದು ಮಾತು ಕೇಳಲಿಲ್ಲ. ಮಳೆಗಾಲ ಪೂರ್ತಿ ಜಗಲಿಯ ತುಂಬ ಗೋಣಿಚೀಲ ಹಾಸಿ, ಅದರ ಮೇಲೆ ಕಬ್ಬಿಣ. ಮನೆಗೆಲ್ಲ ಕರಿ ಎಣ್ಣೆಯ ವಾಸನೆ. ಒಣಗದ ಬಟ್ಟೆಗೂ ಅದೇ ವಾಸನೆ, ತಟ್ಟೆಯ ಅನ್ನಕ್ಕೂ ಅದೇ ವಾಸನೆ. ದಿನಕ್ಕೆ ಮೂರು ಸಲ ಗುಡಿಸಿದರೂ ಕಾಲಿಗೆ ಜಿಡ್ಡು. ನನಗೂ ವಯಸ್ಸಾಗಿದೆ, ಬಗ್ಗಿದರೆ ಸೊಂಟ ಹಿಡಿಯುತ್ತದೆ. ಯಾರೂ ಅದಕ್ಕೆ ಪಂದ್ಯ ಕಟ್ಟಲಿಲ್ಲ.

ಒಂದು ಮಾತು ಹೇಳಬೇಕು. ಸ್ಪ್ಯಾನರ್ ಹಿಡಿದಾಗ ಆ ಕೈ ನಡುಗುತ್ತಿರಲಿಲ್ಲ. ಇದನ್ನು ನಾನು ನೋಡಿದ್ದೇನೆ. ಸಣ್ಣ ನಟ್ಟು ಹೆಕ್ಕುವಾಗ ನಡುಗುತ್ತಿತ್ತು. ಅದನ್ನೂ ನೋಡಿದ್ದೇನೆ.

ಈಗ ತಪ್ಪಿನ ವಿಷಯ. ಪಿಸ್ಟನ್ನಿನ ಕೆಳಗೆ ಕಬ್ಬಿಣದ ಒಂದು ತೋಳು ಇರುತ್ತದೆ, ರಾಡ್ ಅನ್ನುತ್ತಾರೆ. ಅದರ ತುದಿಯಲ್ಲಿ ಅರ್ಧ ಬಳೆ. ಉಳಿದ ಅರ್ಧ ಬಳೆ ಬೇರೆ ತುಂಡು, ಅದಕ್ಕೆ ಕ್ಯಾಪ್ ಅನ್ನುತ್ತಾರೆ. ಎರಡೂ ಕೂಡಿ ಎಂಜಿನ್ ತಿರುಗಿಸುವ ದೊಡ್ಡ ಕ್ರ್ಯಾಂಕನ್ನು ಹಿಡಿದುಕೊಳ್ಳಬೇಕು. ಅಂಥವು ನಾಲ್ಕು ಜೋಡಿ. ನೋಡಲು ನಾಲ್ಕೂ ಒಂದೇ, ಆದರೆ ಪ್ರತಿ ಜೋಡಿಯನ್ನು ಕೂಡಿಸಿಟ್ಟೇ ಕೊರೆದಿರುತ್ತಾರಂತೆ. ಒಂದರ ಕ್ಯಾಪ್ ಇನ್ನೊಂದಕ್ಕೆ ಹಾಕಿದರೆ ಕೂದಲೆಳೆಯಷ್ಟು ಸೊಟ್ಟ. ಗುರುತಿಗೆ ಚುಕ್ಕೆ ಹೊಡೆದಿರುತ್ತಾರೆ, ಸಾಸಿವೆಗಿಂತ ಚಿಕ್ಕದು. ಅದು ಇವರ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಬಿಚ್ಚುವಾಗಲೇ ಪ್ರತಿ ಕ್ಯಾಪನ್ನು ಅದರದರ ರಾಡಿಗೆ ಸೇರಿಸಿ ಬಾಳೆನಾರಿನಲ್ಲಿ ಕಟ್ಟಿಟ್ಟಿದ್ದರು. ಕಟ್ಟಿದ್ದು ಯಾಕೆಂದು ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಪಿತೃಪಕ್ಷ ಹತ್ತಿರ ಬಂತು. ಹಿರಿಯರಿಗೆ ಎಡೆ ಇಡುವ ದಿನ ಜಗಲಿ ಸಾರಿಸಬೇಕು. ಯಜಮಾನರು ಕ್ರ್ಯಾಂಕನ್ನು ಗೋಣಿಯಲ್ಲಿ ಸುತ್ತಿ ಸಾಣೆ ಹಿಡಿಸಲು ಚಿಕ್ಕಮಗಳೂರಿಗೆ ಒಯ್ದಿದ್ದರು. ಲೇತಿನವನು ಎರಡು ದಿನ ಕಾಯಿಸಿದ. ಆ ಎರಡು ದಿನದಲ್ಲಿ ನಾನು ಜಗಲಿಯಲ್ಲಿದ್ದದ್ದೆಲ್ಲ ಬಚ್ಚಲಿಗೆ ಹೊತ್ತು ಹಾಕಿ ತೊಳೆದೆ. ಸೀಮೆಎಣ್ಣೆ ಈಗ ಎಲ್ಲಿ ಸಿಗುತ್ತದೆ, ಪಂಪಿಗೆ ಇಟ್ಟಿದ್ದ ಡೀಸೆಲ್ಲು ಸುರಿದೆ. ತೆಂಗಿನ ನಾರಿನಲ್ಲಿ ತಿಕ್ಕಿ, ಒರೆಸಿ, ಹಳೇ ಪಂಚೆಯ ಮೇಲೆ ಹರಡಿದೆ.

ನಾನು ಓದಿದ್ದು ಮೂರನೇ ಕ್ಲಾಸು. ಕಲಿತ ಕೆಲಸ ಅಂದರೆ ಕಾಫಿ ಆರಿಸುವುದು. ಅದೇ ಎಸ್ಟೇಟಿನ ಸ್ಟೋರಿನಲ್ಲಿ ಹದಿನೆಂಟು ವರ್ಷ ನೆಲದ ಮೇಲೆ ಕೂತು ಬೀಜ ಆರಿಸಿದ್ದೇನೆ. ದುಂಡು ಕಾಳು ಒಂದು ರಾಶಿ, ಚಪ್ಪಟೆ ಒಂದು ರಾಶಿ, ಒಡಕು ಒಂದು, ಕಪ್ಪು ಒಂದು. ಒಂದೇ ತರದ್ದು ಒಂದೇ ಕಡೆ ಹೋಗಬೇಕು, ಬೆರಕೆ ಆದರೆ ಲೆಕ್ಕ ಬರೆಯುವ ರೈಟರ್ ಬೈಯುತ್ತಿದ್ದರು. ಇಲ್ಲಿಯೂ ಕೈ ಹಾಗೇ ಹೋಯಿತು. ಜಿಡ್ಡಿನ ನಾರನ್ನೆಲ್ಲ ಬಿಚ್ಚಿ ಒಲೆಗೆ ಹಾಕಿ, ರಾಡುಗಳನ್ನು ಒಂದು ಸಾಲಿಗೆ, ಕ್ಯಾಪುಗಳನ್ನು ಇನ್ನೊಂದು ಸಾಲಿಗೆ ಇಟ್ಟೆ. ಒಣಗಿದ ಮೇಲೆ ಮೊದಲು ಕಟ್ಟಿದ್ದರಲ್ಲ ಎಂದು ನೆನಪಾಯಿತು. ಹೊಸ ನಾರು ತಂದು, ಕೈಗೆ ಸಿಕ್ಕಿದ ಕ್ಯಾಪನ್ನು ಕೈಗೆ ಸಿಕ್ಕಿದ ರಾಡಿಗೆ ಸೇರಿಸಿ ಕಟ್ಟಿದೆ. ಬಿಗಿಯಾಗಿಯೇ ಕಟ್ಟಿದೆ.

ಇವರು ಬಂದು ನೋಡಿ, "ಬೆಳ್ಳಿ ಪಾತ್ರೆ ತರ ಮಾಡಿದೀಯಲ್ಲೇ" ಎಂದರು. ಮದುವೆಯಾಗಿ ಐವತ್ತು ವರ್ಷ. ನಾನು ತೊಳೆದ ಯಾವ ಪಾತ್ರೆಯ ಬಗ್ಗೆಯೂ ಅವರು ಬಾಯಿ ಬಿಟ್ಟವರಲ್ಲ.

ಜೋಡಿಸುವಾಗ ಕ್ರ್ಯಾಂಕ್ ಬಿಗಿಯಾಗಿ ತಿರುಗಿತು. ಇವರು ಎರಡು ಸಲ ನಿಲ್ಲಿಸಿ ನೋಡಿದರು. "ಯಾಕೋ ಹಿಡೀತದೆ ಮಾರಾಯ" ಎಂದರು. ಗ್ಯಾರೇಜಿನವನು, "ಹೊಸ ಬೇರಿಂಗ್ ಅಲ್ವಾ ಅಣ್ಣ, ಓಡ್ತಾ ಓಡ್ತಾ ಬಿಡ್ತದೆ" ಎಂದ. ಅಷ್ಟಕ್ಕೇ ಬಿಟ್ಟರು.

ದೀಪಾವಳಿ ಕಳೆದ ಭಾನುವಾರ ಮಗಳು, ಅಳಿಯ, ಮೊಮ್ಮಗಳು ಬಂದರು. ಗ್ಯಾರೇಜಿನವನೂ ಬಂದ. ಮೂರನೇ ಸಲಕ್ಕೆ ಎಂಜಿನ್ ಸ್ಟಾರ್ಟ್ ಆಯಿತು. ಕಣದ ತುಂಬ ಹೊಗೆ, ನಾಯಿ ತೋಟಕ್ಕೆ ಓಡಿತು. ಯಜಮಾನರು ಟೋಪಿ ಹಾಕಿಕೊಂಡು ಒಳಗೆ ಇಳಿದು ಕೂತರು. ಅದಕ್ಕೆ ಹತ್ತುವುದಲ್ಲ, ಇಳಿಯುವುದೇ. ಕಣಕ್ಕೆ ಒಂದು ಸುತ್ತು ಹಾಕಿ ರಸ್ತೆಗೆ ತಿರುಗಿಸಿದರು. ಮೊಮ್ಮಗಳು ಫೋನ್ ಹಿಡಿದುಕೊಂಡು ಹಿಂದೆ ಓಡಿದಳು. ಮಗಳ ಮುಖ ನೋಡಿದೆ, ಪಂದ್ಯ ಸೋತರೂ ಪರವಾಗಿಲ್ಲ ಅನ್ನುವ ಹಾಗಿತ್ತು.

ಮಣ್ಣುರಸ್ತೆಯ ಮೋರಿಯವರೆಗೆ ಹೋದ ಶಬ್ದ ಕೇಳಿಸಿತು. ಆಮೇಲೆ ಬೇರೆ ಶಬ್ದ. ಒರಳಿನಲ್ಲಿ ಕಲ್ಲು ಹಾಕಿ ಕುಟ್ಟಿದ ಹಾಗೆ. ಆಮೇಲೆ ಶಬ್ದವೇ ಇಲ್ಲ.

ಜೀಪಿಗೆ ಕಟ್ಟಿ ಎಳೆದು ತಂದರು. ಊಟವಾದ ಮೇಲೆ ಗ್ಯಾರೇಜಿನವನು ಕಾರಿನ ಅಡಿ ಮಲಗಿ ಎಣ್ಣೆಯ ತೊಟ್ಟಿ ಬಿಚ್ಚಿದ. ಎಣ್ಣೆಯಲ್ಲಿ ಬೇರಿಂಗಿನ ಚೂರು ಮಿನುಗುತ್ತಿತ್ತು. ಸುಮಾರು ಹೊತ್ತಿನ ಮೇಲೆ ಒಂದು ಕ್ಯಾಪ್ ಹಿಡಿದುಕೊಂಡು ಹೊರಗೆ ಬಂದ.

"ಅಣ್ಣ, ಮೂರನೇದರ ಕ್ಯಾಪ್ ಒಂದನೇದಕ್ಕೆ ಕೂತಿದೆ. ನಾಲ್ಕರಲ್ಲಿ ಮೂರು ಅದಲುಬದಲು. ಚುಕ್ಕೆ ನೋಡಿ."

ಯಜಮಾನರು ಕನ್ನಡಕ ಒರೆಸಿಕೊಂಡು ನೋಡಿದರು. ಬೆಳಕಿಗೆ ಹಿಡಿದು ನೋಡಿದರು. "ನಂಗೆ ಕಾಣೋದಿಲ್ಲ" ಎಂದರು. ಕ್ಯಾಪನ್ನು ಅವನ ಕೈಗೆ ವಾಪಸ್ ಕೊಟ್ಟು, "ಹಾಗಾದ್ರೆ ನಾನೇ ಬದಲಾಯ್ಸಿದೀನಿ. ಕಟ್ಟಿದ್ದೂ ನಾನೇ, ಬಿಚ್ಚಿದ್ದೂ ನಾನೇ" ಎಂದರು.

ನಾನು ಕಾಫಿಯ ತಟ್ಟೆ ಹಿಡಿದು ಜಗಲಿಯ ಮೆಟ್ಟಿಲ ಮೇಲೆ ನಿಂತಿದ್ದೆ. ಆಗಲೇ ನನಗೆ ಗೊತ್ತಾಯಿತು. ಆ ಚುಕ್ಕೆಗಳನ್ನು ನಾನು ತಿಕ್ಕುವಾಗ ನೋಡಿದ್ದೆ, ತುಕ್ಕಿನ ಕಲೆ ಅಂದುಕೊಂಡು ಇನ್ನೂ ಜೋರಾಗಿ ತಿಕ್ಕಿದ್ದೆ. ಎಲ್ಲರಿಗೂ ಕಾಫಿ ಕೊಟ್ಟೆ. ಯಜಮಾನರು ಜೇಬಿನಿಂದ ಜೀಪಿನ ಕೀಲಿ ತೆಗೆದು ಮಗಳ ಕೈಯಲ್ಲಿಟ್ಟರು. ಅವಳು ಬೇಡ ಅನ್ನಲಿಲ್ಲ.

ಆಮೇಲೆ ಹನ್ನೆರಡು ದಿನ. ಹಣ್ಣು ಕುಯ್ಲು ಶುರುವಾಗಿತ್ತು. ಇವರು ಜಗಲಿಯ ಕುರ್ಚಿಯಲ್ಲಿ ಕೂತವರು ಏಳುತ್ತಿರಲಿಲ್ಲ. ಮೊದಲಾದರೆ ಪಂಪಿನ ಶಬ್ದ ಒಂದಿಷ್ಟು ಬದಲಾದರೂ ಎದ್ದು ಹೋಗುತ್ತಿದ್ದರು. ಈಗ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಏನು ಕೇಳಿದರೂ ಒಂದೇ ಮಾತು, "ನನ್ ಕೈ ಹೋಯ್ತು ಮಾರಾಯ್ತಿ. ಕಣ್ಣೂ ಹೋಯ್ತು, ತಲೆನೂ ಹೋಯ್ತು. ಅವ್ಳು ಹೇಳಿದ್ದು ಸರಿ." ಹೇಳಿಬಿಡಬೇಕು ಎಂದು ದಿನಾ ಅಂದುಕೊಳ್ಳುತ್ತಿದ್ದೆ. ಒಲೆ, ಕೋಳಿ, ಆಳುಗಳ ಕಾಫಿ, ಮಧ್ಯಾಹ್ನದ ಅನ್ನ. ಸಾಯಂಕಾಲದ ಹೊತ್ತಿಗೆ ಹೇಳುವ ಶಕ್ತಿ ಇರುತ್ತಿರಲಿಲ್ಲ. ಇದು ನೆಪವೇ.

ಹನ್ನೆರಡನೇ ದಿನ ಮಧ್ಯಾಹ್ನ ಪಲ್ಪರಿನ ಬೆಲ್ಟು ಹರಿಯಿತು. ಹಣ್ಣು ಕುಯ್ದ ದಿನವೇ ಸಿಪ್ಪೆ ತೆಗೆಯದಿದ್ದರೆ ಹುಳಿ ಬರುತ್ತದೆ, ಆ ಕಾಫಿಯನ್ನು ಯಾರೂ ಮೂಸುವುದಿಲ್ಲ. ಹನ್ನೊಂದು ಚೀಲ ಹಣ್ಣು ಕಣದಲ್ಲಿ ಬಿದ್ದಿತ್ತು. ಹೋಗಿ ಹೇಳಿದರೆ ಇವರು, "ಮೂಡಿಗೆರೆಯವನಿಗೆ ಫೋನ್ ಮಾಡು" ಎಂದರು. ಅವನು ನಾಳೆ ಬರುತ್ತೇನೆಂದ. ಅದನ್ನು ಹೇಳಿದರೂ ಇವರು ಏಳಲಿಲ್ಲ. ಕುರ್ಚಿಯ ಎದುರು ನೆಲದ ಮೇಲೆ ಕೂತೆ.

"ಎಂಜಿನ್ ಕೆಡ್ಸಿದ್ದು ನಾನು. ನೀವು ಚಿಕ್ಕಮಗಳೂರಿಗೆ ಹೋದಾಗ ನಾರು ಬಿಚ್ಚಿ ತೊಳ್ದೆ. ಆಮೇಲೆ ಕೈಗೆ ಸಿಕ್ಕಿದ್ದಕ್ಕೆ ಸಿಕ್ಕಿದ್ದು ಕಟ್ದೆ."

"ಸಮಾಧಾನಕ್ಕೆ ಹೇಳ್ಬೇಡ."

"ಐವತ್ತು ವರ್ಷದಲ್ಲಿ ನಿಮ್ಮ ಸಮಾಧಾನಕ್ಕೆ ಅಂತ ನಾನು ಒಂದು ಮಾತಾದ್ರೂ ಹೇಳಿದ್ದು ನೆನಪಿದೆಯಾ?"

ಅವರು ನಿಜವಾಗಿಯೂ ಯೋಚನೆ ಮಾಡಿದರು. "ಇಲ್ಲ" ಎಂದರು.

ಆಮೇಲೆ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ನಾರಿನ ಗಂಟೇ ಬೇರೆ ತರ ಇತ್ತು. ನಾನು ಹಾಕಿದ್ದು ಎಳೆದ್ರೆ ಬಿಚ್ತದೆ. ಅದು ಬಿಚ್ಚಲಿಲ್ಲ, ಬ್ಲೇಡಲ್ಲಿ ಕುಯ್ದೆ. ಆಗ್ಲಾದ್ರೂ ತಿಳೀಬೇಕಿತ್ತು ನಂಗೆ."

"ಹಾಗಾದ್ರೆ ತಪ್ಪು ಇಬ್ರದ್ದೂ ಆಯ್ತು."

"ಹನ್ನೆರಡು ದಿನ ಬಾಯಿ ಮುಚ್ಕೊಂಡಿದ್ಯಲ್ಲ, ಎಂತಕ್ಕೆ?"

"ಅಳಿಯನ ಎದುರು ನಾಚಿಕೆ ಆಯ್ತು. ಮತ್ತೆ ತಡ ಆಯ್ತು."

ಅವರು ಬಾಯಿಗೆ ಬಂದ ಹಾಗೆ ಬೈದರು. ಬರೆಯುವಂಥ ಮಾತಲ್ಲ. ಬೈದು ಎದ್ದರು. ಎರಡು ಹೆಜ್ಜೆ ಹೋಗಿ ತಿರುಗಿ, "ಹಳೇ ಬೆಲ್ಟು ಎಲ್ಲಿಟ್ಟಿದೀಯ? ಅದನ್ನೂ ತೊಳ್ದಿಟ್ಟಿದೀಯಾ?" ಎಂದು ಕೇಳಿದರು. ಅಟ್ಟದ ಮೇಲಿತ್ತು, ತಂದುಕೊಟ್ಟೆ. ದೊಡ್ಡ ಬೋಲ್ಟುಗಳನ್ನು ಅವರು ಬಿಗಿದರು, ಸಣ್ಣ ನಟ್ಟುಗಳನ್ನು ನಾನು ಹಿಡಿದುಕೊಂಡೆ. ಕತ್ತಲಾಗುವ ಮೊದಲು ಪಲ್ಪರ್ ತಿರುಗಿತು. ಊಟಕ್ಕೆ ಕೂತಾಗ ಸಾರು ಬೇಕೆಂದು ತಟ್ಟೆ ಮುಂದೆ ತಳ್ಳಿದರು, ಬಡಿಸಿದೆ.

ಮಾರನೇ ದಿನ ಬೆಳಿಗ್ಗೆ ಆಳುಗಳಿಗೆ ಕೆಲಸ ಹೇಳಿ, ರಸ್ತೆಯವರೆಗೆ ಹಾಲಿನ ಜೀಪಿನಲ್ಲಿ ಹೋಗಿ, ಮೂಡಿಗೆರೆಯಲ್ಲಿ ಬಸ್ಸು ಬದಲಾಯಿಸಿ ಆಲ್ದೂರಿಗೆ ಹೋದೆ. ಮಗಳು ಅಂಗಡಿಯ ಬಾಗಿಲು ತೆಗೆಯುತ್ತಿದ್ದಳು. ಕೂರು ಅಂದಳು. ನಿಂತೇ ಎಲ್ಲ ಹೇಳಿದೆ.

"ಪಂದ್ಯ ನಿನ್ನಪ್ಪ ಸೋಲಲಿಲ್ಲ. ನಾನು ಸೋಲ್ಸಿದ್ದು."

"ಹಾಗಂತ ಕೈ ನಡುಗೋದು ಸುಳ್ಳಾಗ್ತದಾ ಅಮ್ಮ?"

"ಇಲ್ಲ. ನಡುಗ್ತದೆ. ಅದಕ್ಕೇ ಕೀಲಿ ಕೊಡೋದಿಲ್ಲ ಅಂತಿದ್ರೆ ಹಾಗೇ ಹೇಳು, ನಾನು ವಾಪಸ್ ಹೋಗ್ತೀನಿ. ಎಂಜಿನ್ ಹೆಸ್ರು ಮಾತ್ರ ಹೇಳ್ಬೇಡ."

ಅವಳು ಒಳಗೆ ಹೋಗಿ ಗಂಡನ ಹತ್ತಿರ ಏನೋ ಮಾತಾಡಿ ಬಂದಳು. ಕೈಯಲ್ಲಿ ಕೀಲಿ ಇತ್ತು.

"ತೋಟ, ಕೊಟ್ಟಿಗೆಹಾರ, ಅಷ್ಟೇ. ಘಾಟಿ ಕಡೆ ಹೋಗ್ಬಾರ್ದು. ಮತ್ತೆ ನೀನು ಪಕ್ಕದಲ್ಲಿ ಕೂತಿರ್ಬೇಕು."

"ನಂಗೆ ಬೇರೆ ಕೆಲ್ಸ ಇಲ್ವಾ?"

"ಅಮ್ಮ."

"ಆಯ್ತು. ಕೂರ್ತೀನಿ."

ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ. ಮೂಡಿಗೆರೆ ಬಸ್ಸು ಆಗಷ್ಟೇ ಹೋಗಿತ್ತು. ಇನ್ನೊಂದು ಮುಕ್ಕಾಲು ಗಂಟೆಗೆ ಎಂದರು. ಚಪ್ಪಲಿ ಬಿಚ್ಚಿ, ಕಾಲು ನೀಡಿಕೊಂಡು ಕಲ್ಲುಬೆಂಚಿನ ಮೇಲೆ ಕೂತೆ.