ಬಾನೆಟ್ಟಿನ ಮೇಲಿನ ಕುಂಕುಮ

ಮೊನ್ನೆ ಮೊಮ್ಮಗಳು ಉಗುರಿನ ಬಣ್ಣ ಒರೆಸಲೆಂದು ಪುಟ್ಟ ಸೀಸೆಯೊಂದರ ಮುಚ್ಚಳ ತಿರುವಿದಳು. ಕಾಂದಿವಲಿಯ ನಮ್ಮ ಎರಡು ಕೋಣೆಯ ಮನೆಯ ತುಂಬ, ಮಾಗಿ ಕಪ್ಪಾದ ಬಾಳೆಹಣ್ಣಿನಂಥ, ಆದರೆ ಮೂಗಿಗೆ ಚುಚ್ಚುವ ವಾಸನೆ ಹಬ್ಬಿತು. "ಅಜ್ಜೀ, ಸ್ಮೆಲ್ ಬರ್ತದಾ? ಖಿಡಕಿ ಓಪನ್ ಮಾಡ್ಲಾ?" ಎಂದಳು. ಬೇಡ, ಇರಲಿ ಎಂದೆ. ಅದು ನನ್ನ ಅಪ್ಪನ ಅಂಗಿಯ ವಾಸನೆ. ಸಂಜೆ ನಮ್ಮ ಚಾಳಿನ ಮರದ ಮೆಟ್ಟಿಲು ಹತ್ತಿ ಮೊದಲು ಒಳಗೆ ಬರುತ್ತಿದ್ದದ್ದು ಬಣ್ಣ ತೆಳುಮಾಡುವ ಥಿನ್ನರಿನ ಈ ವಾಸನೆ, ಅದರ ಹಿಂದೆ ಅಪ್ಪ. ಐವತ್ತು ವರ್ಷಗಳ ಮೇಲಾಯಿತು, ನೋಡಿ. ಆದರೂ ಆ ಹುಡುಗಿಯ ಮುಂದೆ ಮುದುಕಿಯಾದ ನಾನು ಮೂಗೆಳೆದುಕೊಂಡು, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕೂತೆ. ಪಾಪ, ಅವಳು ಗಾಬರಿಯಾಗಿ ಸೀಸೆ ಮುಚ್ಚಿಬಿಟ್ಟಳು.

ಅಪ್ಪ ಗ್ರಾಂಟ್ ರೋಡಿನ ಒಂದು ಗ್ಯಾರೇಜಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವ ಪೇಂಟರ್. ಉಡುಪಿ ಕಡೆಯಿಂದ ಬಂದ ಗಂಡಸರೆಲ್ಲ ಹೋಟೆಲಿಗೆ ಸೇರುವ ಕಾಲ ಅದು. "ಇವರೊಬ್ಬರು ಮಾತ್ರ ಸ್ಟೇಷನ್ನಿನಲ್ಲಿ ಇಳಿದು ಎಡಕ್ಕೆ ಹೋಗುವ ಬದಲು ಬಲಕ್ಕೆ ಹೋದರು" ಎಂದು ಅಮ್ಮ ನಗುತ್ತಿದ್ದಳು. ಗ್ಯಾರೇಜಿಗೆ ಬರುತ್ತಿದ್ದದ್ದು ಮಲಬಾರ್ ಹಿಲ್ಲಿನ ದೊಡ್ಡವರ ಹಳೆಯ ವಿಲಾಯತಿ ಗಾಡಿಗಳು: ಉದ್ದ ಮೂತಿಯವು, ಬದಿಗೆ ಮೆಟ್ಟಿಲಿದ್ದವು, ಹಿಂದೆ ಬಿಡಿ ಚಕ್ರ ಹೊತ್ತವು. ಅಪ್ಪ ಅವುಗಳನ್ನು ಕಂಪೆನಿಯ ಹೆಸರಿನಿಂದ ಕರೆದದ್ದೇ ಇಲ್ಲ. ಡಾಕ್ಟರರ ಗಾಡಿ, ವಕೀಲರ ಗಾಡಿ, ಪಾರ್ಸಿ ಬಾವಾಜಿಯ ಗಾಡಿ ಎನ್ನುತ್ತಿದ್ದ. ಮನಸ್ಸಿಗೆ ಹಿಡಿದ ಗಾಡಿಯನ್ನು ಟೇಪು ಹಿಡಿದು ಮೂತಿಯಿಂದ ಬಾಲದವರೆಗೆ ಅಳೆದು ಬರೆದುಕೊಂಡು, ಭಾನುವಾರದ ಮಧ್ಯಾಹ್ನಗಳಲ್ಲಿ ಚಾಪೆಯ ಮೇಲೆ ಕೂತು ಅದನ್ನೇ ಮತ್ತೊಮ್ಮೆ ಕಟ್ಟುತ್ತಿದ್ದ. ಒಂದು ಅಡಿಗೆ ಅರ್ಧ ಇಂಚು, ಅದು ಅಪ್ಪನ ಲೆಕ್ಕ. ಹದಿನಾರಡಿಯ ಗಾಡಿ ಎಂಟಿಂಚಿಗೆ ಇಳಿದು ಚಾಳಿನ ನಮ್ಮ ಒಂಟಿ ಕೋಣೆಯ ಖೋಲಿಗೆ ಬರುತ್ತಿತ್ತು. ಚಹಾದ ಪೆಟ್ಟಿಗೆಯ ಹಲಗೆ, ವನಸ್ಪತಿ ಡಬ್ಬಿಯ ತಗಡು, ಆಸ್ಪತ್ರೆಯ ಬಾಟಲಿಯ ರಬ್ಬರ್ ಬಿರಡೆಯ ಚಕ್ರ. ಕೊನೆಯ ಬಣ್ಣ ಮಾತ್ರ ಅದೇ ಗಾಡಿಯದ್ದೇ ಆಗಬೇಕು. ದೊಡ್ಡ ಗಾಡಿಗೆ ಹೊಡೆದು ಉಳಿದ ಬಣ್ಣವನ್ನು ಔಷಧದ ಸೀಸೆಯಲ್ಲಿ ತಂದು ಹೊಡೆಯುತ್ತಿದ್ದ. "ಬೇರೆ ಬಣ್ಣ ಹೊಡೆದರೆ ಅದು ಆಟದ ಸಾಮಾನು ಮಾರಾಯ್ತಿ, ಗಾಡಿ ಅಲ್ಲ" ಎಂದು ಅಮ್ಮನಿಗೆ ಹೇಳುತ್ತಿದ್ದ.

ಆ ಕಾರುಗಳಿಗೆ ಮನೆಯಾಗಿದ್ದದ್ದು ಮಾಟುಂಗದ ಹೋಟೆಲೊಂದು ಹೊರಗೆ ಹಾಕಿದ ಸಿಹಿತಿಂಡಿಯ ಗಾಜಿನ ಕಪಾಟು. ನಾಲ್ಕಾಳು ಹೊತ್ತು ತಂದ ಅದನ್ನು ಇಟ್ಟ ಮೇಲೆ ಖೋಲಿಯಲ್ಲಿ ನಾವು ಮೂವರು ಕಾಲು ಚಾಚಿ ಮಲಗುವಂತಿರಲಿಲ್ಲ. ಅಮ್ಮ ಗೊಣಗಿದಳು, ಗೊಣಗುತ್ತಲೇ ಅದರ ಗಾಜನ್ನು ದಿನವೂ ಹಳೆಯ ಪೇಪರಿನಿಂದ ಉಜ್ಜಿದಳು. ಲಡ್ಡು, ಜಿಲೇಬಿ ಇದ್ದ ಜಾಗದಲ್ಲಿ ಸಾಲಾಗಿ ಹನ್ನೊಂದು ಕಾರುಗಳು! ಚಾಳಿನಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ, ನೆರೆಮನೆಗೆ ನೆಂಟರು ಬಂದರೆ ನಮ್ಮ ಬಾಗಿಲಿಗೂ ಬರುತ್ತಿದ್ದರು. ಅಮ್ಮ ಸೆರಗು ಸರಿಮಾಡಿಕೊಂಡು, ಇದು ವಕೀಲರದ್ದು, ಇದು ಡಾಕ್ಟರರದ್ದು ಎಂದು ಒಂದೊಂದನ್ನೇ ತೋರಿಸುತ್ತಿದ್ದಳು. ಅವಳು ಮಾತ್ರ ಯಾವ ಕಾರಿನಲ್ಲೂ ಕೂತವಳಲ್ಲ.

ನನಗೆ ಒಂಬತ್ತು ವರ್ಷವಾಗಿದ್ದಾಗ ಹನ್ನೆರಡನೆಯದು ಬಂತು, ಬಾವಾಜಿಯ ಗಾಡಿ. ಹೊಗೆ ಬೆರೆತಂಥ ನೀಲಿ. ಅಂಥ ಬಣ್ಣ ಯಾವ ಅಂಗಡಿಯಲ್ಲೂ ಸಿಗದೆ ಅಪ್ಪ ವಾರಗಟ್ಟಲೆ ಕಣ್ಣಳತೆಯಲ್ಲೇ ಬೆರೆಸಿ ಹುಟ್ಟಿಸಿದ್ದ. ಉಳಿದದ್ದು ಒಂದೇ ಸೀಸೆ. ಅದು ಪುಟ್ಟ ಕಾರಿಗೆ ಸರಿಯಾಗಿ ಸಾಕಾಯಿತು, ಸೀಸೆ ಬರಿದಾಯಿತು. ಅದನ್ನು ನೋಡಿದ ಆ ಪಾರ್ಸಿ ಮುದುಕರು ಅಪ್ಪನ ಭುಜ ತಟ್ಟಿ, ದಸರೆ ಕಳೆದ ಭಾನುವಾರ ಹಳೆಯ ಕಾರುಗಳ ಪ್ರದರ್ಶನವಿದೆ, ನನ್ನ ಗಾಡಿಯ ಪಕ್ಕದಲ್ಲಿ ಮೇಜು ಹಾಕಿಸಿ ನಿನ್ನ ಗಾಡಿಯನ್ನೂ ನಿಲ್ಲಿಸುತ್ತೇನೆ, ಮುಂದೆ ನಿನ್ನ ಹೆಸರಿನ ಚೀಟಿ ಇಡಿಸುತ್ತೇನೆ ಎಂದರಂತೆ. ಅಪ್ಪನ ಹೆಸರು ಅಲ್ಲಿಯವರೆಗೆ ರೇಷನ್ ಕಾರ್ಡಿನಲ್ಲಿ ಬಿಟ್ಟರೆ ಎಲ್ಲಿಯೂ ಇರಲಿಲ್ಲ. ಅವತ್ತು ಮನೆಗೆ ಬಂದವನು ಚಪ್ಪಲಿಯನ್ನೂ ಬಿಡದೆ, "ಚೀಟಿಯಲ್ಲಿ ಹೆಸರು ಇಂಗ್ಲಿಷಿನಲ್ಲಿ ಬರೀತಾರಂತೆ ಮಾರಾಯ್ತಿ!" ಎಂದ. ಐದು ತಿಂಗಳ ಬಸುರಿಯಾಗಿದ್ದ ಅಮ್ಮ ಗೋಡೆಗೊರಗಿ ನಿಂತು, "ಹಾಗಾದರೆ ಒಂದು ಒಳ್ಳೆ ಅಂಗಿ ಹೊಲಿಸಿ" ಎಂದಳು.

ದಸರೆಯ ಬೆಳಿಗ್ಗೆ ಅಪ್ಪ ಸ್ಪ್ರೇ ಗನ್ನಿಗೆ ಪೂಜೆ ಮಾಡಲು ಗ್ಯಾರೇಜಿಗೆ ಹೋದ. ಅಮ್ಮ ನೀರು ಹಿಡಿಯಲು ಕೆಳಗೆ ನಲ್ಲಿಯ ಸಾಲಿನಲ್ಲಿದ್ದಳು. ಬೀದಿಯ ಟ್ಯಾಕ್ಸಿಗಳೆಲ್ಲ ಚೆಂಡುಹೂ ಮುಡಿದು, ಬಾನೆಟ್ಟಿಗೆ ಕುಂಕುಮವಿಟ್ಟುಕೊಂಡು ಮದುಮಗಳ ಹಾಗೆ ನಿಂತಿದ್ದವು. ಎಲ್ಲ ಗಾಡಿಗೂ ಪೂಜೆ, ನಾಡಿದ್ದು ಪ್ರದರ್ಶನಕ್ಕೆ ಹೋಗುವ ಅಪ್ಪನ ಗಾಡಿಗೆ ಇಲ್ಲವೇ? ಕಪಾಟಿನ ಬಾಗಿಲು ಸರಿಸಿ ನೀಲಿ ಕಾರನ್ನು ತೆಗೆದೆ. ಕುಂಕುಮ ಆ ನುಣುಪಿನ ಮೇಲೆ ನಿಲ್ಲದೆ ಜಾರಿತು. ಬಣ್ಣ ಕಲಸುವಾಗ ಅಪ್ಪ ಯಾವಾಗಲೂ ಆ ಬಾಳೆಹಣ್ಣಿನ ವಾಸನೆಯ ನೀರನ್ನು ಹಾಕುವುದನ್ನು ನೋಡಿದ್ದೆನಲ್ಲ, ಬಣ್ಣ ಅಂಟಲು ಅದೇ ಬೇಕು ಎಂದುಕೊಂಡೆ. ಥಿನ್ನರಿನಲ್ಲಿ ಕುಂಕುಮ ಕಲಸಿ, ಕಣ್ಣು ಮುಚ್ಚಿ, ಅಪ್ಪನ ಹೆಸರು ಚೆನ್ನಾಗಿ ಬರೆಯಲಿ ದೇವರೇ ಎಂದು ಬೇಡಿಕೊಂಡು, ಬಾನೆಟ್ಟಿನ ನಡುಮಧ್ಯೆ ಬೆರಳೊತ್ತಿದೆ. ಬಣ್ಣ ಬೆಣ್ಣೆಯ ಹಾಗೆ ಕರಗಿ ಬೆರಳು ಒಳಗೆ ಹೋಯಿತು. ಎತ್ತಿದರೆ ನೀಲಿ ಕಿತ್ತು ಬಂದು, ಕೆಂಪು ಕುಳಿಯಲ್ಲಿ ಬೆರಳಿನ ಗೆರೆಗಳೆಲ್ಲ ಮೂಡಿದ್ದವು. ಅಯ್ಯೋ, ಕಾರನ್ನು ಹಾಗೆಯೇ ಕಪಾಟಿನೊಳಗಿಟ್ಟು ಬಾಗಿಲು ಸರಿಸಿಬಿಟ್ಟೆ.

ಅಮ್ಮ ಬಂದು ನೋಡಿ ಬಿಂದಿಗೆ ಇಳಿಸುವುದನ್ನೇ ಮರೆತಳು. ಬೈಯಲಿಲ್ಲ. ನನ್ನ ಬೆರಳನ್ನು ಸೀಮೆಎಣ್ಣೆಯಲ್ಲಿ ತಿಕ್ಕಿ ತಿಕ್ಕಿ ತೊಳೆದಳು. ಮಧ್ಯಾಹ್ನ ಅಪ್ಪ ಪ್ರಸಾದದ ಪೊಟ್ಟಣ ಹಿಡಿದು ಬಂದ, ಕಪಾಟಿನ ಮುಂದೆ ನಿಂತ, ನಿಂತೇ ಇದ್ದ. "ಯಾರು?" ಎಂದ. ನಾನು ಬಾಯಿ ತೆರೆಯುವ ಮೊದಲೇ ಅಮ್ಮ, "ನಾನು. ಎಲ್ಲ ಗಾಡಿಗೂ ಇಡ್ತಾರಲ್ಲ ಅಂತ ಇಟ್ಟೆ" ಎಂದಳು. ಅಪ್ಪ ಪೊಟ್ಟಣವನ್ನು ನೆಲದ ಮೇಲಿಟ್ಟು ಹೊರಗೆ ಹೋದ. ಮರುದಿನವಿಡೀ ತಗಡಿನ ಚೂರುಗಳ ಮೇಲೆ ನೀಲಿ ಬೆರೆಸಿ ಬೆರೆಸಿ ನೋಡಿದ, ಆ ನೀಲಿ ಮತ್ತೆ ಹುಟ್ಟಲಿಲ್ಲ. ಭಾನುವಾರ ಹೊಸ ಅಂಗಿ ಮೊಳೆಯಲ್ಲೇ ನೇತಾಡಿತು, ಅಪ್ಪ ಗೋಡೆಯ ಕಡೆ ತಿರುಗಿ ಮಲಗಿದ್ದ.

ಅಂದಿನಿಂದ ಅಪ್ಪ ಅಮ್ಮನ ಹತ್ತಿರ ಮಾತು ಬಿಟ್ಟ. "ನಿನ್ನ ಅಮ್ಮನಿಗೆ ಹೇಳು, ಅನ್ನ ಸಾಕು." "ನಿನ್ನ ಅಮ್ಮನನ್ನು ಕೇಳು, ಸೀಮೆಎಣ್ಣೆ ಉಂಟಾ ಅಂತ." ಹತ್ತಡಿಯ ಖೋಲಿ ಅದು, ಒಬ್ಬರು ನಿಟ್ಟುಸಿರು ಬಿಟ್ಟರೆ ಇನ್ನೊಬ್ಬರ ಕೂದಲು ಅಲ್ಲಾಡಬೇಕು! ನಾನು ಒಮ್ಮೆ ಅಳುತ್ತ, ಹೇಳಿಬಿಡುತ್ತೇನೆ ಅಮ್ಮಾ ಎಂದೆ. "ಸುಮ್ಮನಿರು. ನಿನ್ನ ಮೇಲೆ ಸಿಟ್ಟಾದರೆ ಅವರಿಗೆ ಗಂಟಲಲ್ಲಿ ಅನ್ನ ಇಳಿಯಲಿಕ್ಕಿಲ್ಲ. ನನ್ನ ಮೇಲಾದರೆ ನಾಲ್ಕು ದಿನ ಅಷ್ಟೇ" ಎಂದಳು. ನಾಲ್ಕು ದಿನ ಎರಡು ತಿಂಗಳಾಯಿತು. ಬಾಣಂತನಕ್ಕೆ ಕರೆದೊಯ್ಯಲು ಊರಿನಿಂದ ಮಾವ ಬಂದರು. ಅಪ್ಪ ಅಮ್ಮನ ಟ್ರಂಕನ್ನು ತಾನೇ ಬಸ್ಸಿನ ಮೇಲೇರಿಸಿ, ಹಗ್ಗ ಬಿಗಿದು, ಇಳಿದು ಬಂದು ಕಿಟಕಿಯ ಕೆಳಗೆ ನಿಂತ. ಅಮ್ಮ ಕಿಟಕಿಯಿಂದ ಬಗ್ಗಿ, "ಹೊತ್ತಿಗೆ ಸರಿಯಾಗಿ ಉಣ್ಣಿ" ಎಂದಳು. ಅಪ್ಪ ಬಸ್ಸಿನ ಚಕ್ರ ನೋಡುತ್ತಿದ್ದ. ನಾನು ಅವನ ಕೈ ಹಿಡಿದು ಜಗ್ಗಿದೆ. ಬಸ್ಸು ಹೊರಟಿತು.

ಊರಿನಿಂದ ಅಮ್ಮನದೊಂದು ಕಾಗದ ಬಂತು, ನನ್ನ ಹೆಸರಿಗೆ. ಆ ನೀಲಿ ಕಾರು ಸರಿಯಾಯಿತಾ ಎಂದು ಕೇಳಿದ್ದಳು. ಅಪ್ಪ ಅದನ್ನು ಓದಿ, ಮಡಚಿ, ಜೇಬಿಗೆ ಹಾಕಿಕೊಂಡ. ಅದರ ಹಿಂದೆಯೇ ಮಾವನ ತಂತಿ ಬಂತು. ತಾಯಿಯೂ ಇಲ್ಲ, ಮಗುವೂ ಇಲ್ಲ. ಆಮೇಲೆ ಅಪ್ಪ ಒಂದು ಕಾರನ್ನೂ ಕಟ್ಟಲಿಲ್ಲ. ಕಪಾಟಿನ ಗಾಜನ್ನು ಉಜ್ಜುವವರಿಲ್ಲದೆ ಒಳಗಿನ ಗಾಡಿಗಳು ಮಬ್ಬಾದವು. ಕೊನೆಗೆ ಅಪ್ಪ ಒಂದೊಂದನ್ನೇ ಚಾಳಿನ ಮಕ್ಕಳಿಗೆ ಕೊಟ್ಟ. ಅವು ದಾರ ಕಟ್ಟಿಸಿಕೊಂಡು ಕಾರಿಡಾರಿನಲ್ಲಿ ಓಡಾಡಿ, ಮೆಟ್ಟಿಲಿನಿಂದ ಬಿದ್ದು, ಚಕ್ರ ಕಳಚಿಕೊಂಡು ಮುಗಿದುಹೋದವು. ನೀಲಿ ಕಾರನ್ನು ಮಾತ್ರ ಯಾರಿಗೂ ಕೊಡಲಿಲ್ಲ. ಈಗ ಆ ಚಾಳೂ ಇಲ್ಲ, ಅಲ್ಲಿ ಎದ್ದಿರುವ ಬಿಲ್ಡಿಂಗಿನ ಮುಂದೆ ನಿಂತರೆ ನಮ್ಮ ಖೋಲಿ ಆಕಾಶದ ಯಾವ ಭಾಗದಲ್ಲಿತ್ತೆಂದು ತೋರಿಸಲು ನನಗೂ ಆಗುವುದಿಲ್ಲ.

ಹೇಳಬೇಕು ಹೇಳಬೇಕು ಎಂದು ನಾನು ಇಪ್ಪತ್ತೆಂಟು ವರ್ಷ ಹೇಳಲಿಲ್ಲ. ಮದುವೆಯಾಗಿ, ಮಕ್ಕಳಾಗಿ, ಅಪ್ಪ ಇಲ್ಲಿ ನಮ್ಮ ಜೊತೆಗೇ ಇರಲು ಬಂದ ಮೇಲೆ, ಒಂದು ಮಧ್ಯಾಹ್ನ ಊಟದ ತಟ್ಟೆಯ ಮುಂದೆ ಹೇಳಿಬಿಟ್ಟೆ. ಕುಂಕುಮ ಇಟ್ಟದ್ದು ಅಮ್ಮ ಅಲ್ಲ ಅಪ್ಪಾ, ನಾನು. ಅಪ್ಪ ಮಜ್ಜಿಗೆ ಕಲಸುತ್ತಿದ್ದವನು ತಲೆ ಎತ್ತಲಿಲ್ಲ. "ಗೊತ್ತು ಮಗಾ. ಅವತ್ತೇ ಗೊತ್ತಾಗಿತ್ತು. ನಿನ್ನ ಅಮ್ಮನ ಬೆರಳು ಅಷ್ಟು ಸಣ್ಣದಾ?" ಎಂದ. ನನಗೆ ಸಿಟ್ಟು, ದುಃಖ ಎಲ್ಲ ಒಟ್ಟಿಗೆ ನುಗ್ಗಿ ಬಂತು. ಗೊತ್ತಿದ್ದೂ ಅವಳ ಹತ್ತಿರ ಯಾಕೆ ಮಾತಾಡಲಿಲ್ಲ ಎಂದು ಕೂಗಿಯೇ ಕೇಳಿದೆ. ಅಪ್ಪ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಮಗುವನ್ನು ಎತ್ತಿಕೊಂಡು ಬರ್ತಾಳಲ್ಲ," ಎಂದ, "ಆಗ ಮಾತಾಡುವ ಅಂತ ಇದ್ದೆ."