ಕಟ್ಟಿನ ಸಾರಿಗೆ ಎಷ್ಟು ಚಮಚ ಉಪ್ಪು

ನಮ್ಮ ಅಡುಗೆಮನೆಯ ಮೊಳೆಗೆ ಒಂದು ಗೊಂಚಲು ತೂಗುಹಾಕಿದ್ದೇನೆ. ಮನೆಗೆ ಬಂದವರು ಬೀಗದ ಕೈಗಳೆಂದು ತಿಳಿಯುತ್ತಾರೆ. ಅವು ಗೋಕುಲ ರಸ್ತೆಯ ಅಂಗಡಿಯಲ್ಲಿ ಕೊಂಡ ಅಳತೆಯ ಚಮಚಗಳು. ತುಂಬಿ, ಚಾಕುವಿನ ಬೆನ್ನಿನಿಂದ ತಲೆ ಸವರಿ, ಮಟ್ಟಸ ಮಾಡಿ ಹಾಕಬೇಕೆಂಬುದು ನಿಯಮ. ನಿಯಮ ಎಂದರೆ ನನಗೆ ಪ್ರಾಣ. ಒಮ್ಮೆ ಒಗ್ಗರಣೆಯ ಸಾಸಿವೆಯನ್ನೂ ಹೀಗೆ ಸವರುತ್ತ ನಿಂತಿದ್ದಾಗ ಎಣ್ಣೆ ಹೊಗೆಯೆದ್ದು, ನಮ್ಮ ಯಜಮಾನರು ಕೆಮ್ಮುತ್ತ ಬಂದು, "ಅಡಗಿ ಮಾಡಾಕತ್ತೀಯೋ, ಲ್ಯಾಬ್ ತಗದೀಯೋ?" ಎಂದು ಕೇಳಿದ್ದುಂಟು.

ಅವ್ವ ಈ ಚಮಚಗಳನ್ನು ಮೊದಲ ಸಲ ನೋಡಿದ್ದು ಶಿರಗುಪ್ಪಿಯಿಂದ ಉಣಕಲ್ಲಿನ ನಮ್ಮ ಮನೆಗೆ ನಾಲ್ಕು ದಿನ ಇರಲು ಬಂದಾಗ. ಕಣದಲ್ಲಿ ಜೋಳ ಅಳೆಯುವುದನ್ನು ನೋಡುತ್ತ ಬೆಳೆದ ಜೀವ ಅದು. ಕಣದಲ್ಲಿ ಮೊದಲ ಅಳತೆಗೆ ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾರೆ. ಎಣಿಕೆ ಶುರುವಾಗುವುದು ಎರಡರಿಂದ. ಕಾಳು ಸೇರಿನ ಬಾಯಿ ಮೀರಿ ರಾಶಿಯಾಗಿ ನಿಲ್ಲಬೇಕು. ಸವರಿ ಕೊಟ್ಟವನನ್ನು ಊರೆಲ್ಲ ಜಿಪುಣ ಎನ್ನುತ್ತದೆ. ಅಂಥವಳ ಮಗಳು ಅರಿಶಿನದ ತಲೆ ಸವರುತ್ತಿದ್ದಳು!

"ಉಣ್ಣಾವ್ರು ಮನ್ಯಾಗಿನ ಮಂದೀನ ಅದಾರಲ್ಲ, ತಲಿ ಯಾಕ ಸವರ್ತೀಯವಾ?" ಎಂದಳು ಅವ್ವ. ಆಮೇಲೆ ಮನಸ್ಸು ತಡೆಯದೆ, "ಹೋಗ್ಲಿ, ಮೊದಲನೇದ್ದಕ್ಕರ ಲಾಭ ಅನ್ನು" ಎಂದು ಸೇರಿಸಿದಳು. ಅಂದಿನಿಂದ ನಾನು ಕಾಲು ಚಮಚ ಇಂಗಿಗೂ ಲಾಭ ಎನ್ನುತ್ತೇನೆ.

ಅವ್ವನ ಅಳತೆಗಳೇ ಬೇರೆ. ಹುಣಸೆಹಣ್ಣು ನಿಂಬೆಕಾಯಿಯಷ್ಟು. ಯಾವ ನಿಂಬೆಕಾಯಿ ಎಂದರೆ, "ನಿಂಬಿಕಾಯಿ ನೋಡಿಲ್ಲೇನು ನೀ?" ಎಂಬ ಉತ್ತರ. ಬೆಲ್ಲ ಬೇಕಾದಷ್ಟು, ಖಾರ ತಡೆಯುವಷ್ಟು. ಉಪ್ಪಿಗಂತೂ ಮಾತೇ ಇಲ್ಲ, ಕೈ ಹೋದಷ್ಟು. ಅಮಾವಾಸ್ಯೆಗೆ ಹೋಳಿಗೆ ಮಾಡಿದಾಗ, ಕಡಲೆಬೇಳೆ ಬೇಯಿಸಿ ಬಸಿದ ನೀರಿನಿಂದ ಅವಳು ಮಾಡುತ್ತಿದ್ದ ಕಟ್ಟಿನ ಸಾರಿನ ಗುಟ್ಟು ಹಿಡಿಯಲೇಬೇಕೆಂದು ನಾನು ಒಮ್ಮೆ ಅವಳ ಕೈಕೆಳಗೇ ಚಮಚ ಒಡ್ಡಿದೆ. ಉಪ್ಪು ಹಿಡಿದ ಕೈ ಗಕ್ಕನೆ ನಿಂತಿತು. "ಹಿಂಗ ನೀ ನೋಡ್ಕೋತ ನಿಂತ್ರ ಕೈ ತಪ್ಪತೈತಿ. ಸರಿ ಅತ್ಲಾಗ" ಎಂದಳು. ಸರಿದೆ. ಇನ್ನೊಮ್ಮೆ ನೋಡಿದರಾಯಿತು ಎಂದುಕೊಂಡೆ.

ಈಗ ಅವ್ವ ಇಲ್ಲ. ಆ ಸಾರಿನ ರುಚಿ ಬಲ್ಲ ನಾಲಿಗೆಗಳು ಎರಡೇ ಉಳಿದಿವೆ, ನನ್ನದು ಮತ್ತು ಅಣ್ಣನದು. ಅಣ್ಣ ಊರಿನಿಂದ ಬಂದಾಗಲೆಲ್ಲ ನಾನು ಕಟ್ಟಿನ ಸಾರು ಮಾಡುತ್ತೇನೆ. ಅವನು ಉಂಡು, "ಛಲೋ ಆಗೇತಿ" ಎನ್ನುತ್ತಾನೆ. ಬೀಗರ ಮನೆಯಲ್ಲಿ ಆಡುವ ಮಾತದು. ನನಗೆ ಬೇಕಾದದ್ದು ಬೇರೆ. ಅವ್ವ ಮಾಡಿದಂತೆ ಆಗಿದೆ ಎಂದು ಒಂದೇ ಒಂದು ಸಲ ಅವನ ಬಾಯಿಂದ ಕೇಳಬೇಕು. ಅದಕ್ಕಾಗಿ ಉಪ್ಪನ್ನು ಒಂದೂವರೆ ಚಮಚದಿಂದ ಒಂದೂಮುಕ್ಕಾಲಕ್ಕೆ ಏರಿಸಿದ್ದೇನೆ, ಮತ್ತೆ ಇಳಿಸಿದ್ದೇನೆ, ಹುಣಸೆರಸವನ್ನೂ ಚಮಚದಲ್ಲೇ ಅಳೆದಿದ್ದೇನೆ. ಅವ್ವನ ನೆನಪು ಬರುವುದು ಹೆಚ್ಚಾಗಿ ಒಲೆಯ ಮುಂದೆಯೇ. ಬಂದರೆ ಲೆಕ್ಕ ತಪ್ಪುತ್ತದೆ.

ಇನ್ನೊಂದು ತೊಡಕಿದೆ. ಅಮಾವಾಸ್ಯೆಯ ದಿನ ದೇವರಿಗೆ ಎಡೆ ಹಿಡಿಯುವ ತನಕ ಅಡುಗೆಯ ರುಚಿ ನೋಡುವಂತಿಲ್ಲ. ಆಮೇಲೆ ಉಣ್ಣುವವರಿಗೆ ಬಡಿಸಬೇಕು. ಮಾಡಿದವಳ ಬಾಯಿಗೆ ಬರುವುದು ಎಲ್ಲಕ್ಕಿಂತ ಕೊನೆಗೆ. ರುಚಿ ನೋಡದೆ ಅಡುಗೆ ಮಾಡುವವರಿಗಾಗಿಯೇ ಈ ಚಮಚಗಳನ್ನು ಮಾಡಿದಂತಿದೆ. ಚಮಚ ಮಾಡಿದವರಿಗೆ ನಮ್ಮ ಅಮಾವಾಸ್ಯೆ ಗೊತ್ತಿರಲಿಕ್ಕಿಲ್ಲ, ಅಷ್ಟೆ.

ಮೊನ್ನೆಯ ಅಮಾವಾಸ್ಯೆಗೆ ಅಣ್ಣ ಬಂದ. ಎಲ್ಲ ಅಳೆದು ಸವರಿ ಮಾಡಿದ್ದೆ. ಬಡಿಸಿದೆ. ಒಂದು ಗುಟುಕು ಕುಡಿದು, "ಸಾರು ಭಾಳ ಬರೋಬ್ಬರಿ ಆಗೇತಿ" ಎಂದ. ನಾನು ಮುಂದಿನ ಮಾತಿಗೆ ಕಾದೆ.

"ಅವ್ವನ ಸಾರು ಹಿಂಗ ಇರ್ತಿದ್ದಿಲ್ಲ ಬಿಡು" ಎಂದ ಅಣ್ಣ, ಹೋಳಿಗೆ ಮುರಿಯುತ್ತ. "ಒಮ್ಮಿ ಉಪ್ಪು ಜಾಸ್ತಿ, ಒಮ್ಮಿ ಸಪ್ಪಗ. ಒಂದರ ಸಲ ಬರೋಬ್ಬರಿ ಆಗಿತ್ತೇನು? ಬಡಿಸಿದಾಕಿ ಮಗ್ಗಲದಾಗ ನಿಂತು ನಮ್ಮ ಮಾರೀನ ನೋಡ್ತಿದ್ಲು. ಮಾರಿ ನೋಡೇ ತಿಳಕೊಂಡು ಲಗೂನ ಉಪ್ಪು ತಂದು..."

ಹೇಳುತ್ತ ತಲೆ ಎತ್ತಿದವನು ಮಾತು ನಿಲ್ಲಿಸಿಬಿಟ್ಟ. ನಾನು ಸೌಟು ಹಿಡಿದು ಅವನ ಮಗ್ಗುಲಲ್ಲೇ, ಅವನ ಮುಖವನ್ನೇ ನೋಡುತ್ತ ನಿಂತಿದ್ದೆ.

ಅಣ್ಣ ಬಟ್ಟಲಿನತ್ತ ನೋಡಿದ. ಆಮೇಲೆ ಮೆಲ್ಲಗೆ, "ಒಂಚೂರು ಸಪ್ಪಗ ಐತಿ ನೋಡು, ತಂಗಿ" ಎಂದ.

ಸುಳ್ಳು. ಅವನ ಕಣ್ಣೇ ಹೇಳುತ್ತಿತ್ತು. ನಾನು ಡಬ್ಬಿ ತಂದು, ಬೆರಳಿಗೆ ಬಂದಷ್ಟು ಉಪ್ಪು ಅವನ ಬಟ್ಟಲಿಗೆ ಉದುರಿಸಿದೆ. ಎಷ್ಟು ಬಿತ್ತೋ ನನಗೂ ಗೊತ್ತಾಗಲಿಲ್ಲ, ಕಣ್ಣು ಮಂಜಾಗಿತ್ತು. ಉಪ್ಪುಪ್ಪಾದ ಆ ಸಾರನ್ನು ಅಣ್ಣ ಎತ್ತಿ ಪೂರಾ ಕುಡಿದು, ಬಟ್ಟಲು ನನ್ನ ಮುಂದೆ ಹಿಡಿದು, "ಇನ್ನೊಂದೀಟು ಹಾಕು" ಎಂದ.