ಬರ್ತೀನಿ ಅಂದವಳು

ದರ್ಜಿ ಅಂಗಡಿಯಲ್ಲಿ ಎಲ್ಲರೂ ಅವಳನ್ನು ಗುಂಡಿಯಕ್ಕ ಎನ್ನುತ್ತಿದ್ದರು. ಬೆರಳಿಗೆ ಲೋಹದ ಟೋಪಿ ತೊಡಿಸಿ ಸೂಜಿ ಹಿಡಿದಳೆಂದರೆ ಸಾಕ್ಷಾತ್ ರಣರಂಗ; ಗಂಟೆಗೆ ಅರವತ್ತು ಅಂಗಿಗುಂಡಿಗಳು ಶರಣಾಗತಿ. ಇಂಥ ವೀರಾಗ್ರಣಿಯನ್ನು ಸೋಲಿಸಿದ್ದು ಎರಡು ಕುರ್ಚಿಗಳು.

ಟೈರ್ ಅಂಗಡಿಯ ಮಾಳಿಗೆಯ ಕೋಣೆಯಲ್ಲಿ ಮನಸ್ಸಿನ ಡಾಕ್ಟರಮ್ಮ ಮೊದಲ ದಿನ, "ಯಾವುದ್ರಲ್ಲಿ ಬೇಕಾದ್ರೂ ಕೂತ್ಕೊಳ್ಳಿ" ಎಂದರು. ಅಷ್ಟೇ. ಗುಂಡಿಯಕ್ಕ ಹದಿನೇಳು ನಿಮಿಷ ನಿಂತೇ ಇದ್ದಳು; ತನ್ನ ಕಥೆಯನ್ನೆಲ್ಲ ನಿಂತಲ್ಲೇ ಒಪ್ಪಿಸಿದಳು.

"ನೀವೇ ಒಂದು ಹೇಳ್ಬಿಡಿ ಡಾಕ್ಟ್ರಮ್ಮ."

"ನಾನು ಹೇಳಿದ್ರೆ ನಾನೂ ಇನ್ನೊಬ್ಬ ದೊಡ್ಡಣ್ಣ ಆಗ್ಬಿಡ್ತೀನಿ."

ದೊಡ್ಡಣ್ಣ ಎಂದರೆ ಒಡಹುಟ್ಟಿದವನಲ್ಲ. ಊರಂಚಿನ ಹಳದಿ ಕಟ್ಟಡದಲ್ಲಿ 'ಬಳಗ' ಕಟ್ಟಿಕೊಂಡು ಕೂತ ಮಹಾನುಭಾವ. ಗುಂಡಿಯಕ್ಕ ಅಲ್ಲಿ ಒಂಬತ್ತು ವರ್ಷ ಇದ್ದಳು. ಅಲ್ಲಿ ಸೀನುವುದಕ್ಕೂ ಅಪ್ಪಣೆ ಬೇಕು. ಅಪ್ಪಣೆ ಸಿಗುವಷ್ಟರಲ್ಲಿ ಸೀನೇ ಮುನಿಸಿಕೊಂಡು ಹೊರಟುಹೋಗಿರುತ್ತಿತ್ತು. ದೊಡ್ಡಣ್ಣನ ಪರಮೋಪದೇಶ ಒಂದೇ: ಆಡಿದ ಮಾತು ಕೊರಳಿಗೆ ಕಟ್ಟಿದ ದಾರ, ತಪ್ಪಿದರೆ ಬಿಗಿಯುತ್ತದೆ.

ಎಂಟು ತಿಂಗಳ ಹಿಂದೆ ಒಂದು ಮಧ್ಯಾಹ್ನ ಅವಳು ಬರಿಗಾಲಲ್ಲಿ, ಬರಿಗೈಯಲ್ಲಿ ಗೇಟು ದಾಟಿದಳು. ಪರಾಕ್ರಮವೆಲ್ಲ ಸರಿಯಾಗಿಯೇ ಇತ್ತು. ಆದರೆ ಗೇಟಿನ ಬಳಿ ಗಿಡಕ್ಕೆ ನೀರು ಹಾಕುತ್ತಿದ್ದ ಹೆಂಗಸನ್ನು ಕಂಡು ಬಾಯಿ ತಾನಾಗಿ, "ಬರ್ತೀನಿ" ಎಂದುಬಿಟ್ಟಿತು. ಹೊರಡುವವರು 'ಹೋಗ್ತೀನಿ' ಅನ್ನಬಾರದಲ್ಲ! ನಮ್ಮ ಮಾತಿನ ಮರ್ಯಾದೆಯೇ ಹಾಗೆ: ತಪ್ಪಿಸಿಕೊಂಡು ಓಡುವವರೂ 'ಬರ್ತೀನಿ' ಎಂದೇ ಓಡಬೇಕು.

ಅಂದಿನಿಂದ ಪ್ರತಿ ಗುರುವಾರ ಸಂಜೆ ಐದಕ್ಕೆ ಫೋನು. ಹಲವು ಗಂಟಲು, ಒಂದೇ ಉಸಿರು: "ಬರ್ತೀನಿ ಅಂದಿದ್ರಿ. ಕಾಯ್ತಿದ್ದೀವಿ." ಬೈಗುಳವಿಲ್ಲ, ಕೂಗಾಟವಿಲ್ಲ. ನಂಬರು ಎರಡು ಸಲ ಬದಲಾಯಿತು, ದನಿಗಳು ಬದಲಾಗಲಿಲ್ಲ.

ಅದಕ್ಕಿಂತ ಹೆಚ್ಚಿನ ಭಯ ಅವಳಿಗೆ ತನ್ನ ಕಾಲುಗಳದ್ದು. ಕಳೆದೆರಡು ಗುರುವಾರ ದಾರ ತರಲೆಂದು ಹೊರಟವಳು ಮೈಮೇಲೆ ಎಚ್ಚರ ಬಂದಾಗ ಹಳದಿ ಗೋಡೆಯ ಮುಂದೆ ನಿಂತಿದ್ದಳು. ಗೇಟು ತೆರೆದೇ ಇತ್ತು. ಒಳಗೆ ಹೊಸ್ತಿಲ ಬಳಿ ಅವಳ ಹಳೆಯ ಚಪ್ಪಲಿ. ತೊಳೆದು, ಒರೆಸಿ, ಮನೆಯೊಳಕ್ಕೆ ಮುಖಮಾಡಿ ಇಟ್ಟಿದ್ದರು.

"ಮೂರನೇ ಸಲ ಒಳಗೇ ಹೋಗ್ಬಿಡ್ತೀನಿ ಡಾಕ್ಟ್ರಮ್ಮ. ಮಾತು ಕೊಟ್ಟಿದ್ದೀನಲ್ಲ."

"ಮಾತು ಕೊಟ್ರೋ, ಬರೀ ಮರ್ಯಾದೆ ಕೊಟ್ರೋ?"

ಪ್ರಶ್ನೆ ತಲೆಗೆ ಹೋಯಿತು, ಕಾಲಿಗಿಳಿಯಲಿಲ್ಲ.

"ಈ ಗುರುವಾರ ಒಬ್ರೇ ಇರ್ಬೇಡಿ ಅನ್ಸತ್ತೆ ನಂಗೆ. ಯಾರನ್ನ ಜೊತೆಗಿಟ್ಕೋತೀರಿ, ನೀವೇ ಆರಿಸಿ."

ಈ ಸಲ ನಾಲ್ಕೇ ನಿಮಿಷ ಹಿಡಿಯಿತು. ಆರಿಸಿದ್ದು ತಂಗಿಯನ್ನು.

ಗುರುವಾರ ತಂಗಿ ಮೊರದ ತುಂಬ ಬಟಾಣಿ ಹರವಿಕೊಂಡು ಸುಲಿಯುತ್ತ ಕೂತಳು. ಐದಕ್ಕೆ ಫೋನು ಬಂತು. ಗುಂಡಿಯಕ್ಕ ಇಬ್ಬರಿಗೂ ಕೇಳುವ ಹಾಗೆ ಸ್ಪೀಕರ್ ಒತ್ತಿದಳು.

"ಬರ್ತೀನಿ ಅಂದಿದ್ರಿ. ಕಾಯ್ತಿದ್ದೀವಿ."

ಅವಳು ಏಳಲಿಲ್ಲ, ಕಾಲುಗಳು ಎದ್ದವು. ಬಾಗಿಲ ಕಡೆ ಒಂದು ಹೆಜ್ಜೆ, ಇನ್ನೊಂದು.

"ಎಲ್ಲಿಗೇ?" ಎಂದಳು ತಂಗಿ.

ಉತ್ತರ ಫೋನಿನಿಂದ ಬಂತು, ಮೆತ್ತಗೆ, ಎಲ್ಲ ಗಂಟಲೂ ಸೇರಿ: "ಬರದಿದ್ರೆ ನೀವು ಸತ್ತ ಹಾಗೆ."

ತಂಗಿಗೆ ಮನಶ್ಶಾಸ್ತ್ರ ಗೊತ್ತಿಲ್ಲ. ಆದರೆ ಕೆಟ್ಟ ಮಾತು ಕಿವಿಗೆ ಬಿದ್ದರೆ ಏನು ಮಾಡಬೇಕೆಂಬುದು ಚೆನ್ನಾಗಿ ಗೊತ್ತು. ಸಿಪ್ಪೆ ಎಸೆದು ಅಬ್ಬರಿಸಿದಳು: "ಥೂ! ಸಂಜೆ ಹೊತ್ತಲ್ಲಿ ಇದೆಂಥ ಮಾತ್ರೋ ನಿಮ್ದು! ಅಕ್ಕಾ, ಬಿಡ್ತು ಅನ್ನು. ಮೊದ್ಲು ಬಿಡ್ತು ಅನ್ನೇ!"

"ಬಿಡ್ತು," ಎಂದಳು ಅಕ್ಕ, ಯಾರ ಅಪ್ಪಣೆಯನ್ನೂ ಕೇಳದೆ.

ಕಾಲುಗಳು ನಿಂತವು. ಅವಳು ಹಿಂದಿರುಗಿ ಫೋನಿನ ಹತ್ತಿರ ಬಾಯಿ ತಂದಳು. "ಕೇಳಿಸ್ತಾ? ಬಿಡ್ತು. ಅವತ್ತು ಗೇಟಲ್ಲಿ ಅಂದಿದ್ದೂ ಬಿಡ್ತು."

ಆ ಕಡೆಯ ಒಂದೇ ಉಸಿರು ಮೊದಲ ಬಾರಿಗೆ ತಾಳ ತಪ್ಪಿ ಹಲವು ಉಸಿರಾಯಿತು. ಅದರೊಳಗಿಂದ ತೆಳ್ಳನೆಯ ದನಿಯೊಂದು ಹೊರಬಂತು.

"ಅಷ್ಟೇನಾ ಅಕ್ಕಾ? ಅಷ್ಟಂದ್ರೆ ಸಾಕಾ?"

"ಅಂದು ನೋಡಮ್ಮ."

ಯಾರೋ ಯಾರದೋ ಬಾಯಿಗೆ ಅಂಗೈ ಒತ್ತಿದ ಸದ್ದಾಯಿತು. ಅಕ್ಕತಂಗಿಯರು ಫೋನಿನ ಮೇಲೆ ಬಾಗಿದರು. ಆ ಕಡೆ ಯಾರೂ ಕರೆ ತುಂಡರಿಸಲಿಲ್ಲ.